ಹನ್ನೊಂದು ಸಲ ಬಿಕರಿಯಾದ ಹುಂಜ

ಹುಂಜ ತಂದವಳು ಟಪ್ರಂಡಿಚ್.
ಕಾಲಿಗೆ ಬಾಳೆನಾರು ಬಿಗಿದು, ಬಗಲಲ್ಲಿ ಅವುಚಿಕೊಂಡು,
ಹತ್ತು ಕಿಲೋಮೀಟರು ನಡೆದೇ ಬಂದಳು,
ಹಿಂದೆ ಒಬ್ಬ ಮೊಮ್ಮಗ.
ವ್ಯಾನಿನವನು ಹುಂಜಕ್ಕೂ ಟಿಕೀಟು ಕೇಳಿದನಂತೆ.

ಬೊಮೆಟ್ಟಿನಿಂದಾಚೆ, ಚಹಾ ಗಿಡಗಳು ಮುಗಿದು
ಜೋಳದ ಹೊಲ ಶುರುವಾಗುವಲ್ಲಿ ನಮ್ಮ ಶಾಲೆ.
ಅಂಗಳದಲ್ಲಿ ಅವತ್ತು ಹರಂಬೆ:
ಎಲ್ಲರೂ ಕೈಹಾಕಿ ಎಳೆಯುವುದು, ಅಷ್ಟೆ ಅದರರ್ಥ.
ಎಳೆಯಬೇಕಾದ್ದು ಈ ಸಲ ಕಟ್ಟಡವಲ್ಲ, ಬಾವಿಯಲ್ಲ,
ಬೆಂಚಿನ ಮೇಲೆ ಕೂತ ಒಂಬತ್ತು ಜನರನ್ನು.

ಗಂಟಲಿನ ಹುಣ್ಣನ್ನು ದಾಟಿ ಬಂದವರು ಅವರು.
ಒಬ್ಬನ ಕೊರಳೊಳಗೆ ಜಾಲರಿಯ ನಳಿಗೆ,
ಒಬ್ಬಳಿಗೆ ಗಂಜಿ ಬಿಟ್ಟರೆ ಬೇರೆ ಊಟವಿಲ್ಲ,
ಆರಪ್ ಮೊಸೊನಿಕ್ ತಾತ ಕೂತೇ ಮಲಗುತ್ತಾನೆ, ಎರಡು ವರ್ಷದಿಂದ.
"ಸತ್ತರೆ ಇಡೀ ಗುಡ್ಡ ಬರುತ್ತದೆ," ಅಂದ ತಾತ,
"ಉಳಿದುಕೊಂಡರೆ ನೋಡು,
ಆಸ್ಪತ್ರೆಗೆ ಹೋಗುವ ವ್ಯಾನಿನ ಕಾಸಿಗೂ ಗತಿಯಿಲ್ಲ."
ನಗಲೋ ಬೇಡವೋ ತಿಳಿಯದೆ ನಕ್ಕೆವು.

ನಾನು ಲೆಕ್ಕದ ಮೇಷ್ಟ್ರು.
ಸವಾಲು ಕೂಗುವ ಕೆಲಸ ನನಗೆ ಬಿದ್ದದ್ದು ದೊಡ್ಡ ದನಿಯಿಂದ.
ದನಿ ನನ್ನದಲ್ಲ, ಅವ್ವನದು.
ಆಚೆ ದಿಬ್ಬದ ದನ ಅವಳ ಒಂದು ಕೂಗಿಗೆ ಕತ್ತೆತ್ತುತ್ತಿದ್ದವು.
ಕೊನೆಯ ಮಳೆಗಾಲ
ಸೋರೆಬುರುಡೆಯ ಹುಳಿಹಾಲು ಚಮಚೆಯಲ್ಲಿ ಹಿಡಿದು ಕೂತರೆ
ಒಂದು ಗುಟುಕಿಗೂ ದಾರಿ ಬಿಡಲಿಲ್ಲ
ಅದೇ ಗಂಟಲು.

"ಐನೂರು ಶಿಲಿಂಗು, ಒಂದು ಸಲ!"
ಕೊಂಡವರು ಒಂದು ಹೆಸರು ಹೇಳಬೇಕು,
ಹುಂಜವನ್ನು ಮತ್ತೆ ಮೇಜಿಗೇ ಬಿಡಬೇಕು. ಅದು ಕರಾರು.
ಚಹಾ ತೂಗುವ ಗುಮಾಸ್ತ ತಂಗಿಯ ಹೆಸರು ಹೇಳಿ ಬಿಟ್ಟ.
ಪಾದ್ರಿ ಅಪ್ಪನ ಹೆಸರು ಹೇಳಿ ಬಿಟ್ಟರು.
ಹೊಲಿಗೆಯ ಚೆಪ್‌ಙೇನೊ ಮುನ್ನೂರಕ್ಕೆ ಎರಡು ಹೆಸರು ಹೇಳಿದಳು,
ಗಂಡನದು, ಗಂಡನ ತಮ್ಮನದು;
ಒಂದೇ ದುಡ್ಡಿಗೆ ಎರಡೇ ಎಂದು ಯಾರೂ ಕೇಳಲಿಲ್ಲ.
ಹುಂಜಕ್ಕೆ ಬೇಸರ ಬಂದು ಮೇಜಿನ ಮೇಲೆ ಹಿಕ್ಕೆ ಹಾಕಿತು.
ಅದಕ್ಕೂ ಐವತ್ತು ಏರಿಸಿದ ಯಾವನೋ ಪೋಕರಿ.

ಎಂಟನೆಯ ಸಲಕ್ಕೆ ನನ್ನ ದನಿ ಬಿರಿಯಿತು.
ಯಾರೋ ತಗಡಿನ ಲೋಟದಲ್ಲಿ ನೀರು ಕೊಟ್ಟರು.
ಕುಡಿದೆ.
ಇಳಿಯಿತು.
ನಾಲಿಗೆ ದಾಟಿ, ಕೊರಳು ದಾಟಿ, ಎದೆಯ ನಡುವೆ ತಣ್ಣಗೆ,
ಯಾರನ್ನೂ ಕೇಳದೆ, ಯಾವ ಗೋಡೆಗೂ ತಾಗದೆ,
ಇಳಿಯಿತು.
ಜನ ಕಾಯುತ್ತಿದ್ದರು.
ನಾನು ಖಾಲಿ ಲೋಟ ಹಿಡಿದು ನಿಂತೇ ಇದ್ದೆ.

ಹನ್ನೊಂದನೆಯದು ಆ ಮೊಮ್ಮಗನ ಕೂಗು.
"ಇಪ್ಪತ್ತು!"
ಆಗ ಸಾವಿರ ದಾಟಿತ್ತು ಬೆಲೆ. ಯಾರೂ ನಗಲಿಲ್ಲ.
ಯಾರ ಹೆಸರಲ್ಲಪ್ಪ, ಅಂದೆ.
"ಸತ್ತವರದೇ ಹೇಳಬೇಕಾ ಸಾರ್?
ನಮ್ಮಜ್ಜಿ ಅಲ್ಲಿ ಕೂತಿದ್ದಾಳೆ."

ಟಪ್ರಂಡಿಚ್ ಸೆರಗಿಲ್ಲದ ಕಂಬಳಿಯ ಅಂಚನ್ನು ಬಾಯಿಗಿಟ್ಟುಕೊಂಡಳು.
ಒಂದು ಸಲ, ಅಂದೆ.
ಎರಡು ಸಲ.
ಮೂರನೆಯದನ್ನು ಆದಷ್ಟು ನಿಧಾನ ಹೇಳಿದೆ.
ಗುಮಾಸ್ತ ತನ್ನ ಕೈ ತಾನೇ ಹಿಡಿದುಕೊಂಡಿದ್ದ.

ಕರಾರು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ.
ಬಾಳೆನಾರು ಬಿಚ್ಚಿದ.
ಹುಂಜ ಎರಡು ಹೆಜ್ಜೆ ಕುಂಟಿ, ಮೈ ಕೊಡವಿ,
ಸಂಜೆ ನಾಲ್ಕು ಗಂಟೆಗೆ, ಹೊತ್ತಲ್ಲದ ಹೊತ್ತಿಗೆ,
ಕತ್ತು ನೀಳಮಾಡಿ ಕೂಗಿತು.

ರಾತ್ರಿ ಲಾಟೀನಿನಲ್ಲಿ ಲೆಕ್ಕ ಬರೆದೆ.
ಎಂಟು ಸಾವಿರದ ಏಳುನೂರ ಇಪ್ಪತ್ತು.
ಹೆಸರಿನ ಸಾಲಿನಲ್ಲಿ ಹನ್ನೊಂದು ಜನ ತೀರಿಕೊಂಡವರು,
ಕೆಳಗೆ ಟಪ್ರಂಡಿಚ್.
ಮುಂದೆ, ಗೊಂದಲವಾಗದಿರಲೆಂದು, ಬರೆದೆ: ಇದ್ದಾಳೆ.

ಪುಟ ತಿರುವಿ, ಖರ್ಚಿನ ಕಡೆ, ಮೊದಲನೆಯದು:
ವಾಪಸು ವ್ಯಾನಿನ ಚಾರ್ಜು.
ಆಳು ಎರಡು, ಹುಂಜ ಒಂದು.